ಕಾರಿಗೆ ಅಳತೆ ತೆಗೆದ ಟೈಲರ್

ಹೊಲಿಗೆ ಮಷೀನಿನ ಮುಂದೆ ಕೂತರೆ ಅವನ ಕಣ್ಣಿಗೆ ಬೀಳುತ್ತಿದ್ದುದು ಎರಡೇ ವಸ್ತು. ತಲೆ ತಗ್ಗಿಸಿದರೆ ಸೂಜಿಯ ಕೆಳಗೆ ಓಡುವ ಬಟ್ಟೆ, ತಲೆ ಎತ್ತಿದರೆ ಅಂಗಡಿಯ ಗಾಜಿನಾಚೆ ನಿಂತ ಸ್ವಂತ ಕಾರು. ಬಟ್ಟೆ ಅವನು ಹೇಳಿದ ಹಾಗೆ ಕೇಳುತ್ತಿತ್ತು. ಕಾರು ಕೇಳುತ್ತಿರಲಿಲ್ಲ.

ಬೀದಿಯವರಿಗೆಲ್ಲ ಅವನು ನೂಲು ಮಾಸ್ಟರ್. ಹೊಲಿಗೆ ಒಂದು ನೂಲಿನಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುತ್ತಾನೆಂದು, ಕಾದು ಕಾದು ಬೇಸತ್ತ ಗಿರಾಕಿಯೊಬ್ಬ ಇಟ್ಟ ಹೆಸರು ಅದು. ಟೈಲರ್ ಅದನ್ನು ಬೈಗುಳವೆಂದು ತಿಳಿಯಲೇ ಇಲ್ಲ, ಯಾರಾದರೂ ಹಾಗೆ ಕೂಗಿದರೆ ಬಿರುದು ಸಿಕ್ಕವನಂತೆ ತಿರುಗಿ ನೋಡುತ್ತಿದ್ದ. ಹುಡುಗನಾಗಿದ್ದಾಗ ಸೋದರಮಾವನ ಅಂಗಡಿಯಲ್ಲಿ ಗುಂಡಿ ಹಚ್ಚುವುದರಿಂದ ಶುರು ಮಾಡಿದವನು. ಕೋಟಿನ ಹೆಗಲು ಸರಿಯಾಗಿ ಕೂರಿಸಲು ಕಲಿಯುವ ಹೊತ್ತಿಗೆ ಮೀಸೆ ಬಂದಿತ್ತು, ಸ್ವಂತ ಅಂಗಡಿ ತೆರೆಯುವ ಹೊತ್ತಿಗೆ ಮೀಸೆಯಲ್ಲಿ ಬಿಳಿ ಕೂದಲು ಬಂದಿತ್ತು. ಈಗ ಅವನ ಕೈಯಲ್ಲಿದ್ದುದು ಹೆಚ್ಚಾಗಿ ಸಮವಸ್ತ್ರದ ಕೆಲಸ. ಊರಾಚೆಯ ಆಸ್ಪತ್ರೆಗೆ ಡಾಕ್ಟರುಗಳ ಬಿಳಿ ಕೋಟು, ನರ್ಸುಗಳ ಉಡುಪು, ಅಲ್ಲಿಯ ಅಡುಗೆಮನೆಯವರಿಗೆ ಏಪ್ರನ್ನು.

ಅವನು ಹೊಲಿಯುತ್ತಿದ್ದ, ಹೆಂಡತಿ ಇಸ್ತ್ರಿ ಮಾಡಿ ಗಂಟು ಕಟ್ಟುತ್ತಿದ್ದಳು. ಗಂಟುಗಳನ್ನು ಕಾರಿನಲ್ಲಿ ತುಂಬಿ ಆಸ್ಪತ್ರೆಗೆ ಒಯ್ಯುತ್ತಿದ್ದವಳೂ ಅವಳೇ. ಮಗಳು ಕಾಲೇಜು ಸೇರಿದ ವರ್ಷ ಅವಳು ಹಟ ಹಿಡಿದು ಡ್ರೈವಿಂಗ್ ಕಲಿತಿದ್ದಳು. ಟೈಲರ್‌ಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಮಷೀನಿನ ಪೆಡಲ್ ಒಂದೇ ಸಾಕು ಎನ್ನುತ್ತಿದ್ದ. ಹೆಂಡತಿಗೆ ಮಾತ್ರ ಸ್ಟೀರಿಂಗ್ ಹಿಡಿದ ದಿನವೇ ಹಬ್ಬ. ಆಸ್ಪತ್ರೆಯಿಂದ ನೇರವಾಗಿ ಮನೆಗೆ ಬಂದವಳಲ್ಲ. ಇಡೀ ಊರಿಗೆ ಒಂದು ಸುತ್ತು ಹಾಕಿಕೊಂಡು ಬಂದು, ಎಲ್ಲಿ ಹೊಸ ಕಟ್ಟಡ ಎದ್ದಿದೆ, ಯಾವ ಮೂಲೆಯಲ್ಲಿ ಟ್ರಾಫಿಕ್ ಪೊಲೀಸ್ ನಿಂತಲ್ಲೇ ತೂಕಡಿಸುತ್ತಿದ್ದ, ಹಿಂದೆ ಹಾರ್ನ್ ಹೊಡೆದವನಿಗೆ ತಾನು ಹೇಗೆ ದಾರಿ ಬಿಡಲಿಲ್ಲ ಎಂದು ಒಂದೂ ಬಿಡದೆ ಹೇಳುತ್ತಿದ್ದಳು. ಟೈಲರ್ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹ್ಞೂಂಗುಟ್ಟುತ್ತಿದ್ದ. ಒಂದು ಸಲ ನೀವೂ ಬನ್ನಿ ಎಂದು ಅವಳು ಕರೆದಾಗಲೆಲ್ಲ ಈ ತೋಳೊಂದು ಕೂಡಿಸಿಬಿಡುತ್ತೇನೆ ಎನ್ನುತ್ತಿದ್ದ. ಅದು ಮುಗಿದರೆ ಇನ್ನೊಂದು ತೋಳು ಕಾದಿರುತ್ತಿತ್ತು. ಮನುಷ್ಯನಿಗೆ ತೋಳು ಎರಡೇ ಅಂದುಕೊಂಡಿದ್ದೆ ಎಂದು ಅವಳು ಒಬ್ಬಳೇ ಹೊರಡುತ್ತಿದ್ದಳು.

ಕಾರು ಓಡುವುದರಲ್ಲಿ ತಕರಾರಿರಲಿಲ್ಲ. ತಕರಾರು ಅದು ನಿಲ್ಲುವ ರೀತಿಯದು. ಮೊದಲು ಅದು ಟೈಲ್ಸ್ ಮಾರುವವನೊಬ್ಬನ ಕೈಯಲ್ಲಿತ್ತು. ಹಿಂದೆ ಟೈಲ್ಸ್ ಪೆಟ್ಟಿಗೆ ಹೇರಿದರೆ ಕಾರು ಕುಸಿಯುತ್ತದೆಂದು ಅವನು ಹಿಂದಿನ ಚಕ್ರಗಳಿಗೆ ಎತ್ತರದ, ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದ. ಪೆಟ್ಟಿಗೆಗಳು ಹೋದವು, ಸ್ಪ್ರಿಂಗ್ ಉಳಿಯಿತು. ಖಾಲಿ ನಿಂತಾಗ ಕಾರು ಹಿಂಭಾಗ ಎತ್ತಿಕೊಂಡು, ನೆಲದ ಮೇಲೆ ಬಿದ್ದ ಏನನ್ನೋ ಹುಡುಕುತ್ತಿರುವವರ ಹಾಗೆ ಮೂಗು ತಗ್ಗಿಸಿ ನಿಲ್ಲುತ್ತಿತ್ತು. ಹಿಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಒಂದು ಇಡೀ ಅಂಗೈ ತೂರುವಷ್ಟು ಸಂದು. ಬೇರೆಯವರು ಅದನ್ನು ಗಮನಿಸುತ್ತಲೂ ಇರಲಿಲ್ಲ. ಟೈಲರ್ ಕಣ್ಣಿಗೆ ಮಾತ್ರ ಅದು ನೀರು ದಾಟಲು ಪ್ಯಾಂಟು ಮೇಲಕ್ಕೆ ಮಡಚಿಕೊಂಡವನು ಮಡಿಕೆ ಇಳಿಸುವುದನ್ನು ಮರೆತು ಪೇಟೆಗೆ ಬಂದಂತೆ ಕಾಣುತ್ತಿತ್ತು. ತಾನು ಹೊಲಿದ ಕೋಟುಗಳು ಅಂಥ ಕಾರಿನಲ್ಲಿ ಹೋಗಿ ಇಳಿಯುತ್ತವೆ ಎಂದು ನೆನೆದರೆ ಅವನಿಗೆ ಮುಜುಗರವಾಗುತ್ತಿತ್ತು.

ಹೀಗಿರುವಾಗ ಫೋಟೋ ಸ್ಟುಡಿಯೋದವನು ಕೋಟಿನ ಅಳತೆ ಕೊಡಲು ಬಂದು ತನ್ನ ಕಾರನ್ನು ಇವರ ಕಾರಿನ ಪಕ್ಕದಲ್ಲೇ ನಿಲ್ಲಿಸಿದ. ಟೈಲರ್ ಗಿರಾಕಿಯ ಎದೆಗೆ ಸುತ್ತಿದ ಟೇಪನ್ನು ಹಾಗೇ ಹಿಡಿದುಕೊಂಡು ಗಾಜಿನಾಚೆ ನೋಡುತ್ತ ನಿಂತುಬಿಟ್ಟ. ಆ ಕಾರು ನೆಲಕ್ಕೆ ತಗ್ಗಿ, ಮಡ್‌ಗಾರ್ಡು ಚಕ್ರದ ಮೇಲೆ ಹದವಾಗಿ ಇಳಿದು, ಒಳ್ಳೆಯ ಪ್ಯಾಂಟಿನ ಅಂಚು ಬೂಟಿನ ಮೇಲೆ ಕೂತ ಹಾಗೆ ಕೂತಿತ್ತು. ಮಾಸ್ಟರ್, ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದು, ಬರೀ ನೋಡೋಕೆ ಚೆನ್ನಾಗಿರಲಿ ಅಂತ ಎಂದು ಸ್ಟುಡಿಯೋದವನು ಹೇಳಿದ. ಬರೀ ನೋಡುವುದಕ್ಕೆ ಎಂಬ ಮಾತು ಟೈಲರ್‌ಗೆ ಅರ್ಥವಾಗಲಿಲ್ಲ. ನೋಡುವುದಕ್ಕಿಂತ ದೊಡ್ಡ ಕಾರಣ ಇನ್ನೇನು ಬೇಕು?

ಅಂದು ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ವಿಷಯ ಎತ್ತಿದ. ತಟ್ಟೆಯ ಅಂಚಿನಲ್ಲಿ ಬೆರಳಿಟ್ಟು ಈಗ ಇಷ್ಟಿದೆ, ಇಷ್ಟಾಗಬೇಕು ಎಂದು ತೋರಿಸಿದ. ಅವಳು ಬೇಡ ಎನ್ನಲಿಲ್ಲ. ಗಂಡನ ಕಣ್ಣಿಗೆ ಒಂದು ಸಲ ಚುಚ್ಚಿದ್ದು ಚುಚ್ಚುತ್ತಲೇ ಇರುತ್ತದೆಂದು ಅವಳಿಗೆ ಗೊತ್ತಿತ್ತು.

"ನೋಡೋಕೆ ಹೇಗಾದ್ರೂ ಮಾಡಿಸ್ಕೊಳ್ಳಿ. ಆದ್ರೆ ಗಂಟು ತುಂಬ್ಕೊಂಡು ನಾನು ನಮ್ಮ ಗಲ್ಲಿಯ ಹಂಪ್ ದಾಟ್ಬೇಕು. ಅದೊಂದು ಕೆಡಿಸಿದ್ರೆ ಆ ಕಾರನ್ನ ನಾನು ಮುಟ್ಟಲ್ಲ. ನಿಮ್ಮ ಗಾಜಿನ ಮುಂದೆ ಗೊಂಬೆ ಥರ ನಿಲ್ಲಿಸ್ಕೊಂಡು ನೋಡ್ತಾ ಇರಿ," ಎಂದಳು.

ಅವರ ಗಲ್ಲಿ ಮುಖ್ಯರಸ್ತೆ ಸೇರುವಲ್ಲಿ ನೀರಿನ ಪೈಪು ಹಾಕಿ ಮುಚ್ಚಿದವರು ಮಣ್ಣು, ಕಾಂಕ್ರೀಟು ಧಾರಾಳವಾಗಿ ಸುರಿದು ಒಂದು ಹಂಪ್ ಎಬ್ಬಿಸಿದ್ದರು. ಅದನ್ನು ದಾಟದೆ ಗಲ್ಲಿಯಿಂದ ಹೊರಗೆ ಹೋಗಲು ಬೇರೆ ದಾರಿಯಿರಲಿಲ್ಲ.

ಹೆಂಡತಿಯ ತಮ್ಮನಿಗೆ ಸ್ವಂತ ಗ್ಯಾರೇಜಿತ್ತು. ಭಾನುವಾರ ಟೈಲರ್ ಅಲ್ಲಿಗೆ ನಡೆದೇ ಹೊರಟಾಗ ಕೊರಳಲ್ಲಿ ಟೇಪು, ಕಿಸೆಯಲ್ಲಿ ಗುರುತು ಹಾಕುವ ಸೀಮೆಸುಣ್ಣ. ಕಾರನ್ನು ಅಲ್ಲಿಗೆ ತಲುಪಿಸಿ ಹೆಂಡತಿ ತಮ್ಮನ ಮನೆಯೊಳಗೆ ಹೋದಳು. ಬಾಮೈದ ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, ಭಾವ ಕಾರಿಗೆ ಅಂಗಿ ಹೊಲಿಸಲು ಬಂದಿದ್ದಾರೆ ಎಂದು ನಕ್ಕ. ಟೈಲರ್ ನಗಲಿಲ್ಲ. ಮೊಣಕಾಲೂರಿ ಕೂತು ಸಂದಿನ ಅಳತೆ ತೆಗೆದ, ಎದ್ದು ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ, ಮತ್ತೆ ಬಂದು ಚಕ್ರದ ಮೇಲೆ ಸುಣ್ಣದಲ್ಲಿ ಗೆರೆ ಎಳೆದ. ಮಡ್‌ಗಾರ್ಡಿನ ಅಂಚು ಇಲ್ಲಿಗೆ ಬರಬೇಕು, ಇದರ ಮೇಲಲ್ಲ, ಕೆಳಗಲ್ಲ ಎಂದ.

ಬಾಮೈದ ಗೆರೆ ನೋಡಿ ತಲೆ ಕೆರೆದುಕೊಂಡ. "ಭಾವ, ಖಾಲಿ ನಿಲ್ಲೋ ಗಾಡಿಯಲ್ಲ ಇದು. ಅಕ್ಕನ್ನ ಕೂರಿಸಿ, ಗಂಟು ತುಂಬಿಸಿ, ಆಮೇಲೆ ಅಳತೆ ತಗೊಳ್ಳೋಣ. ಭಾರ ಬಿದ್ರೆ ಇನ್ನೂ ಕೂರುತ್ತೆ."

"ಅಳತೆ ಕೊಡೋನ ಜೇಬು ಖಾಲಿ ಇರ್ಬೇಕು ಕಣೋ. ಬೀಗದಕೈ ಗೊಂಚಲು ತುಂಬ್ಕೊಂಡು ಬಂದೋನ ಸೊಂಟಕ್ಕೆ ನಾನು ಟೇಪೇ ಹಿಡಿಯಲ್ಲ," ಎಂದ ಟೈಲರ್.

ಬಾಮೈದ ಇನ್ನೊಂದು ಮಾತು ಆಡುವವನಿದ್ದ. ಆದರೆ ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯ, ಅದೂ ಅಳತೆಯ ವಿಷಯ. ಊರೆಲ್ಲ ಯಾರ ಅಳತೆಗೆ ತಲೆದೂಗುತ್ತದೋ ಅವರ ಮುಂದೆ ತಾನೇಕೆ ಬಾಯಿ ಹಾಕಲಿ ಎಂದು ಸುಮ್ಮನಾದ. ಕಾರನ್ನು ಜ್ಯಾಕಿನ ಮೇಲೆ ಎತ್ತಿ, ಹಿಂದಿನ ಎರಡೂ ಸ್ಪ್ರಿಂಗ್ ಬಿಚ್ಚಿ, ಟೈಲರ್ ಎಳೆದ ಗೆರೆಗೆ ಲೆಕ್ಕ ಹಾಕಿ ಕತ್ತರಿಸುವ ಮಷೀನು ಹಿಡಿದ. ಕಿಡಿ ಹಾರಿ, ಕತ್ತರಿಸಿದ ಸುರುಳಿ ನೆಲದ ಮೇಲೆ ಠಣ್ ಎಂದು ಬಿತ್ತು. ಸ್ಪ್ರಿಂಗ್ ಮತ್ತೆ ಕೂರಿಸಿ ಕಾರನ್ನು ಇಳಿಸಿದಾಗ ಮಡ್‌ಗಾರ್ಡಿನ ಅಂಚು ಬಂದು ಗೆರೆಯ ಮೇಲೇ ನಿಂತಿತು.

ಟೈಲರ್ ಗ್ಯಾರೇಜಿನ ಬಾಗಿಲಿಗೆ ಒರಗಿ, ಬಾಮೈದ ತಂದುಕೊಟ್ಟ ಚಹಾ ಹಿಡಿದು ಕಾರನ್ನೇ ನೋಡಿದ. ಮೂಗು, ಬೆನ್ನು, ಹಿಂಭಾಗ ಎಲ್ಲ ಒಂದೇ ನೇರಕ್ಕೆ ಬಂದು ಕಾರು ನೆಲದ ಅಳತೆಗೆ ಹೊಲಿಸಿದ ಹಾಗಿತ್ತು. ಚಹಾ ಕುಡಿದು ಮುಗಿದ ಮೇಲೂ ಲೋಟ ಕೈಯಲ್ಲೇ ಇತ್ತು. ಕಾರನ್ನು ಮನೆಗೆ ತಂದ ಹೆಂಡತಿಯೂ ಇಳಿದು, ಹಿಂದಕ್ಕೆ ಸರಿದು ನೋಡಿ, ಚೆನ್ನಾಗಿದೆ ಕಣ್ರೀ ಎಂದಳು. ಖಾಲಿ ಕಾರು ಹಂಪನ್ನು ಸದ್ದಿಲ್ಲದೆ ದಾಟಿತ್ತು. ಆ ಎರಡು ದಿನ ಟೈಲರ್ ಹೊಲಿದ ಹೊಲಿಗೆಯಲ್ಲಿ ಬಿಚ್ಚುವ ಪ್ರಸಂಗವೇ ಬರಲಿಲ್ಲ. ತಲೆ ಎತ್ತಿದರೂ ತಗ್ಗಿಸಿದರೂ ಕಣ್ಣಿಗೆ ತಂಪು.

ಬುಧವಾರ ಆಸ್ಪತ್ರೆಯ ದಿನ. ಹೆಂಡತಿ ಎಂದಿನಂತೆ ಇಸ್ತ್ರಿ ಮಾಡಿದ ಕೋಟುಗಳನ್ನು ಮಡಿಕೆ ಬೀಳದ ಹಾಗೆ ಮುಂದಿನ ಸೀಟಿನ ಮೇಲೆ ಹಾಸಿ, ಹಿಂದಿನ ಸೀಟಿಗೂ ಡಿಕ್ಕಿಗೂ ಗಂಟುಗಳನ್ನು ತುಂಬಿದಳು. ಒಂದೊಂದು ಗಂಟು ಬಿದ್ದಾಗಲೂ ಕಾರು ಕುಗ್ಗುತ್ತಾ ಹೋಯಿತು. ಟೈಲರ್ ಅದನ್ನು ಗಾಜಿನೊಳಗಿಂದ ನೋಡಿದ. ಮಡ್‌ಗಾರ್ಡು ಚಕ್ರವನ್ನು ಅರ್ಧ ನುಂಗಿತ್ತು. ಅವನ ಕಾಲು ಪೆಡಲಿನ ಮೇಲೆ ನಿಂತಲ್ಲೇ ನಿಂತಿತು. ಕಾರು ಹೊರಟಿತು. ಸ್ವಲ್ಪ ಹೊತ್ತಿಗೆ ಗಲ್ಲಿಯ ತುದಿಯಿಂದ ತಗಡನ್ನು ಕಲ್ಲಿನ ಮೇಲೆ ಎಳೆದಂಥ ಸದ್ದು ಬಂತು. ಆಮೇಲೆ ಇನ್ನೊಂದು ಸಲ, ಇನ್ನೂ ಉದ್ದವಾಗಿ.

ಹೆಂಡತಿ ಕಾರನ್ನು ಹಿಂದಕ್ಕೆ ತಂದು ಅಂಗಡಿಯ ಮುಂದೆ ನಿಲ್ಲಿಸಿ ಒಳಗೆ ಬಂದಳು. ಕಿರುಚಾಡಲಿಲ್ಲ. ಕೀಲಿಯನ್ನು ಕತ್ತರಿ ಮೇಜಿನ ಮೇಲೆ ಇಟ್ಟು, ಬಟ್ಟೆ ಇವತ್ತೇ ಹೋಗಬೇಕು, ಹೇಗೆಂದು ನೀವೇ ನೋಡಿ ಎಂದಷ್ಟೇ ಹೇಳಿದಳು. ಟೈಲರ್ ಓಡಿಹೋಗಿ ಬಾಡಿಗೆಗೆ ಒಂದು ಪುಟ್ಟ ಲಾರಿ ಕರೆತಂದ. ಹೆಂಡತಿ ಲಾರಿಯವನ ಪಕ್ಕದಲ್ಲಿ ಕೋಟುಗಳನ್ನು ಎರಡೂ ಕೈಯಲ್ಲಿ ಎತ್ತಿಹಿಡಿದುಕೊಂಡು ಕೂತು ಹೋದಳು.

ಬೇಗನೇ ಬಂದುಬಿಟ್ಟಳು. ಚಪ್ಪಲಿ ಬಿಟ್ಟು ಸೀದಾ ಇಸ್ತ್ರಿಯ ಮುಂದೆ ನಿಂತಳು. ಹೊಸ ಕಟ್ಟಡದ ಸುದ್ದಿಯಿಲ್ಲ, ಪೊಲೀಸಿನವನ ಸುದ್ದಿಯಿಲ್ಲ. ಟೈಲರ್ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ತೆಗೆದು ಡಬ್ಬಿಗೆ ಹಾಕಿ, ತಾನಾಗಿಯೇ ಕೇಳಿದ, "ದಾರೀಲಿ ಏನಿತ್ತು ಇವತ್ತು?"

"ಕೋಟಿಗೆ ಮಡಿಕೆ ಬೀಳದ ಹಾಗೆ ಹಿಡ್ಕೊಂಡು ಕೂತಿದ್ದೆ. ದಾರಿ ಎಲ್ಲಿ ನೋಡ್ಲಿ?"

ಆ ಸಂಜೆ ಟೈಲರ್ ಯಾರದೋ ಹಳೆಯ ಪ್ಯಾಂಟು ಸೊಂಟಕ್ಕೆ ಬಿಗಿಯಾಗಿದೆ ಎಂದು ಬಿಚ್ಚುತ್ತಿದ್ದ. ಬಿಚ್ಚಿದ ಕೂಡಲೇ ಒಳಗೆ ಮಡಚಿಟ್ಟ ಬಟ್ಟೆ ಸಿಕ್ಕಿತು. ಅವನೇ ಇಟ್ಟದ್ದು. ಹೊಲಿಸಿದವನ ಹೊಟ್ಟೆ ನಾಳೆ ಬೆಳೆಯುತ್ತದೆಂದು ಅವನು ಪ್ರತಿ ಪ್ಯಾಂಟಿನ ಒಳಗೂ ಇಷ್ಟು ಬಟ್ಟೆ ಬಿಡುತ್ತಿದ್ದ. ಖಾಲಿ ಜೇಬಿನ ಅಳತೆ ಹಿಡಿದರೂ ಕೆಲಸ ಕೆಡದೆ ಉಳಿಯುತ್ತಿದ್ದುದು ಆ ಒಳಮಡಿಕೆಯ ದಯದಿಂದ. ಕಬ್ಬಿಣದ ಸುರುಳಿಗೆ ಒಳಮಡಿಕೆ ಎಲ್ಲಿಂದ ಬರಬೇಕು? ಗಿರಾಕಿ ನಾಳೆ ಉಣ್ಣುತ್ತಾನೆ, ಕೂರುತ್ತಾನೆ, ಬಗ್ಗುತ್ತಾನೆ ಎಂದು ಇಷ್ಟು ವರ್ಷ ಯೋಚಿಸಿದವನು, ಹೆಂಡತಿ ಗಂಟು ತುಂಬಿಕೊಂಡು ಓಡಾಡುವ ಕಾರಿನ ಮಟ್ಟಿಗೆ ಅದನ್ನು ಯೋಚಿಸಿರಲಿಲ್ಲ. ಪ್ಯಾಂಟನ್ನು ಹಾಗೇ ಮಡಚಿಟ್ಟು ಎದ್ದ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ನಡೆದೇ ಗ್ಯಾರೇಜಿಗೆ ಹೋದ.

ಬಾಮೈದ, ನಾನು ಅವತ್ತೇ ಹೇಳಲಿಲ್ಲವೇ ಎಂದು ಕೇಳಲಿಲ್ಲ. ಬಿಚ್ಚಿ ದೊಡ್ಡದು ಮಾಡಿಕೊಡಲು ಇದರಲ್ಲಿ ಬಟ್ಟೆ ಬಿಟ್ಟಿಲ್ಲ ಭಾವ ಎಂದು ಮಾತ್ರ ಒಂದು ಏಟು ಕೊಟ್ಟ. ಟೈಲರ್ ಅದನ್ನು ನುಂಗಿಕೊಂಡ. ಇಬ್ಬರೂ ಹಳೆಯ ಬಿಡಿಭಾಗ ಮಾರುವವನ ಹತ್ತಿರ ಹೋಗಿ, ಅದೇ ಜಾತಿಯ ಕಾರಿನಿಂದ ಬಿಚ್ಚಿದ, ಕತ್ತರಿ ಕಾಣದ ಒಂದು ಜೊತೆ ಸ್ಪ್ರಿಂಗ್ ಹುಡುಕಿ ತಂದರು. ಟೈಲ್ಸಿನವನ ಸ್ಪ್ರಿಂಗಿನಷ್ಟು ಎತ್ತರದವಲ್ಲ, ಆದರೂ ಟೈಲರ್ ಕಣ್ಣಿಗೆ ಇನ್ನೂ ಎತ್ತರವೇ.

ಮುಂದಿನ ಭಾನುವಾರ ಬಾಮೈದನೇ ಬಂದು ಖಾಲಿ ಕಾರನ್ನು ಗ್ಯಾರೇಜಿಗೆ ಒಯ್ದ, ಗಂಟುಗಳು ಆಟೋದಲ್ಲಿ ಬಂದವು. ತಂದ ಸ್ಪ್ರಿಂಗ್ ಕೂರಿಸಿ, ಈ ಸಲ ಎಲ್ಲವನ್ನೂ ತುಂಬಿದರು. ಹಿಂದಿನ ಸೀಟಿಗೆ ಗಂಟುಗಳು, ಡಿಕ್ಕಿಗೆ ಗಂಟುಗಳು, ಮುಂದಿನ ಸೀಟಿನ ಮೇಲೆ ಕೋಟುಗಳು. ಹೆಂಡತಿ ಮುಖ ಬಿಗಿದುಕೊಂಡೇ ಬಂದಿದ್ದಳು. ತಮ್ಮ ಹೇಳಿದನೆಂದು ಸ್ಟೀರಿಂಗಿನ ಮುಂದೆ ಕೂತಳು, ಎಂಜಿನ್ ಶುರು ಮಾಡಲಿಲ್ಲ. ಬಾಮೈದ ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿದ. ಟೈಲರ್ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಂದಿನೊಳಗೆ ಬೆರಳಿಟ್ಟು ನೋಡಿದ. ಎರಡು ಬೆರಳು ಸಲೀಸಾಗಿ ಹೋದವು, ಮೂರನೆಯದೂ ಹೋಯಿತು.

ಒಂದು ಬೆರಳಿನಷ್ಟು ಇಳಿಸಬಹುದಲ್ಲವೇ ಎಂದು ಅವನು ಮೆಲ್ಲಗೆ ಕೇಳಿದ.

ಕಾರಿನ ಕೆಳಗಿನಿಂದ ಬಾಮೈದನ ಮಾತು ಬಂತು. "ಇಳಿಸಬಹುದು. ಅರ್ಧ ಸುತ್ತು ಕತ್ತರಿಸಿದ್ರೂ ಅಕ್ಕ ಹಂಪ್ ದಾಟ್ತಾಳೆ. ಆದ್ರೆ ಒಂದು ಹೇಳಿಬಿಡಿ ಭಾವ. ಈ ಕಾರಲ್ಲಿ ನೀವು ಲೆಕ್ಕಕ್ಕಿದ್ದೀರೋ, ಇಲ್ವೋ?"

ಟೈಲರ್‌ಗೆ ಮೊದಲು ತಿಳಿಯಲಿಲ್ಲ. ಬಾಮೈದ ಬಿಡಿಸಿ ಹೇಳಿದ. ಭಾವ ಎಂದೂ ಹತ್ತದ ಕಾರಾದರೆ ಕತ್ತರಿಸಬಹುದು, ಸ್ಟುಡಿಯೋದವನ ಕಾರಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಭಾವನೂ ಹತ್ತುವುದಾದರೆ ಕತ್ತರಿಸುವ ಹಾಗಿಲ್ಲ, ಕತ್ತರಿಸಿದರೆ ಅವರು ಕೂತ ದಿನ ಕಾರಿನ ಹೊಟ್ಟೆ ಮತ್ತೆ ಹಂಪಿಗೆ ಉಜ್ಜುತ್ತದೆ. ಎರಡರಲ್ಲಿ ಒಂದು.

ಟೈಲರ್ ತಲೆ ಎತ್ತಿದ. ಹೆಂಡತಿ ತಿರುಗಿ ನೋಡಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಗ್ಯಾರೇಜಿನ ಗೋಡೆಗೆ ನೇತುಹಾಕಿದ ಟಯರುಗಳನ್ನು ನೋಡುತ್ತಿದ್ದಳು. ಅವುಗಳಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕೆಳಗೆ ಬಾಮೈದ ಟಾರ್ಚ್ ಆರಿಸಿದ. ಟೈಲರ್ ಸಂದಿನಿಂದ ಬೆರಳು ತೆಗೆದ. ಆ ಒಂದು ಬೆರಳಿನ ಜಾಗ ಅವನನ್ನೇ ನೋಡುತ್ತಿರುವಂತಿತ್ತು. ಕತ್ತರಿಸಿದರೆ ಜನ್ಮವಿಡೀ ಗಾಜಿನಿಂದ ನೋಡಿಕೊಂಡು ಸಂತೋಷಪಡಬಹುದಾದ ಚೆಂದ.

ಅವನು ಎದ್ದು ಹಿಂದಿನ ಬಾಗಿಲು ತೆರೆದ.

"ಎಲ್ಲಿ ಕೂರ್ಲಿ ಇವಳೇ? ಮುಂದೆ ಕೋಟಿದೆ."

"ಗಂಟು ಸರಿಸ್ಕೊಳ್ಳಿ," ಎಂದಳು ಹೆಂಡತಿ. ಈಗಲೂ ತಿರುಗಲಿಲ್ಲ. ಆದರೆ ಕೈ ಎತ್ತಿ ಕನ್ನಡಿಯನ್ನು ಹಿಂದಿನ ಸೀಟು ಕಾಣುವ ಹಾಗೆ ತುಸು ತಿರುಗಿಸಿಕೊಂಡಳು.

ಟೈಲರ್ ಎರಡು ಗಂಟುಗಳ ನಡುವೆ ತೂರಿ ಕೂತ. ಕಾರು ನಿಧಾನವಾಗಿ ಇಳಿದು ನಿಂತಿತು. ಕೆಳಗಿನಿಂದ ಬಾಮೈದ, ನೋಡಿದರೆ ಹೀಗೆ ಕಡ್ಡಿ ಹಾಗಿದ್ದೀರಿ, ಕೂತರೆ ಇಷ್ಟು ಭಾರವೇ ಭಾವ ಎಂದ. ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಹೀಗೇ ಇರ್ಲಿ ಬಿಡು, ಕತ್ತರಿಸಬೇಡ," ಎಂದ ಟೈಲರ್.

ಬುಧವಾರ ಬಂತು. ಟೈಲರ್ ಮಷೀನಿಗೆ ಬಟ್ಟೆ ಹೊದಿಸಿ, ಅಂಗಡಿಗೆ ಬೀಗ ಹಾಕಿ ಗಂಟುಗಳ ನಡುವೆ ಕೂತ. ಎದುರು ಅಂಗಡಿಯವನು, ನೂಲು ಮಾಸ್ಟರ್ ಸವಾರಿ ಹೊರಟಿತಲ್ಲ, ಮಷೀನಿಗೆ ಹುಷಾರಿಲ್ಲವೇ ಎಂದು ಕೂಗಿ ಕೇಳಿದ. ಗಲ್ಲಿಯ ತುದಿಯಲ್ಲಿ ಹಂಪ್ ಎದುರಾಯಿತು. ಟೈಲರ್ ತನಗೇ ತಿಳಿಯದೆ ಮುಂದಿನ ಸೀಟು ಹಿಡಿದು, ಭಾರ ಕಡಿಮೆಯಾಗಲಿ ಎಂಬಂತೆ ಅರ್ಧ ಎದ್ದು ನಿಂತ.

"ಕೂತ್ಕೊಳ್ರೀ. ಅಳತೆ ತಗೊಂಡಾಗ ನೀವು ಕೂತೇ ಇದ್ರಿ," ಎಂದಳು ಹೆಂಡತಿ ಕನ್ನಡಿಯಲ್ಲಿ ನೋಡುತ್ತ.

ಕೂತ. ಅವಳು ಕಾರನ್ನು ತುಸು ಓರೆ ಮಾಡಿ ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸಿದಳು. ಯಾವ ಸದ್ದೂ ಬರಲಿಲ್ಲ. ಮುಖ್ಯರಸ್ತೆಗೆ ಬಂದ ಮೇಲೆ ಅವಳು ಬಾಯಿ ತೆರೆದಳು. ಅಲ್ಲಿ ನೋಡಿ, ಇಲ್ಲಿ ನೋಡಿ, ಪೊಲೀಸಿನವನು ಇವತ್ತು ಎಚ್ಚರವಾಗಿದ್ದಾನೆ, ಆ ಕಟ್ಟಡಕ್ಕೆ ಬಣ್ಣ ಹಚ್ಚಿದ್ದಾರೆ, ನಿಮಗೆ ಹಿಡಿಸುವ ಬಣ್ಣವಲ್ಲ ಎಂದು. ಟೈಲರ್ ಬಾಯಲ್ಲಿ ಪಿನ್ನಿರಲಿಲ್ಲವಾದ್ದರಿಂದ ಮಾತಿಗೆ ಮಾತು ಸೇರಿಸಿದ. ಆ ಬಣ್ಣ ಆಸ್ಪತ್ರೆಯ ಪರದೆಯ ಬಟ್ಟೆಯ ಹಾಗಿದೆ ಎಂದ.

ಒಂದು ವಿಷಯ ಮಾತ್ರ ಅವನನ್ನು ಕಾಡುತ್ತಿತ್ತು. ಕಾರಿನೊಳಗೆ ಕೂತವನಿಗೆ ಕಾರು ಹೇಗೆ ಕಾಣುತ್ತದೆಂದು ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಎಡಗಡೆ ದೊಡ್ಡ ಪೀಠೋಪಕರಣದ ಅಂಗಡಿಯೊಂದು ಬಂತು. ಅದರ ಮುಂಭಾಗವೆಲ್ಲ ಗಾಜು. ಆ ಗಾಜಿನೊಳಗೆ ಸೋಫಾಗಳ ಮೇಲೆ ಹಾದು ಒಂದು ಕಾರು ಹೋಗುತ್ತಿತ್ತು. ಮೂಗು ತಗ್ಗಿಸಿರಲಿಲ್ಲ, ಹಿಂಭಾಗ ಎತ್ತಿರಲಿಲ್ಲ, ನೇರವಾಗಿ, ಸಮಾಧಾನವಾಗಿ ಹೋಗುತ್ತಿತ್ತು. ಸ್ಟೀರಿಂಗ್ ಹಿಡಿದ ಹೆಂಗಸು ಏನೋ ಹೇಳುತ್ತಿದ್ದಳು. ಹಿಂದೆ ಬಿಳಿ ಗಂಟುಗಳ ನಡುವೆ ಕೊರಳಲ್ಲಿ ಟೇಪು ಹಾಕಿಕೊಂಡ ಒಬ್ಬ ಗಂಡಸು ಕತ್ತು ಚಾಚಿ ನೋಡುತ್ತಿದ್ದ. ಟೈಲರ್ ನಿಧಾನ, ನಿಧಾನ ಎಂದ. ಅವಳು ನಿಧಾನ ಮಾಡಿದಳು. ಹಿಂದಿದ್ದವನು ಹಾರ್ನ್ ಹೊಡೆದ.

"ಹೇಗಿದೆ?" ಎಂದು ಕೇಳಿದಳು.

"ನೋಡ್ತಿದ್ದ ಹಾಗೇ ಗಾಜು ಮುಗಿದುಹೋಯ್ತು. ಮುಂದಿನ ಅಂಗಡಿ ಹತ್ರ ಇನ್ನೊಂದ್ಸಲ ನಿಧಾನ ಮಾಡು."

ಅವಳು ನಕ್ಕು, ಹಾರ್ನ್ ಹೊಡೆಯುತ್ತಿದ್ದವನಿಗೆ ದಾರಿ ಬಿಡದೆ, ಮುಂದಿನ ಗಾಜಿನ ಅಂಗಡಿ ಎಲ್ಲಿದೆ ಎಂದು ನೋಡುತ್ತಾ ಕಾರನ್ನು ರಸ್ತೆಯ ಎಡಬದಿಯಲ್ಲೇ ಮೆಲ್ಲಗೆ ಓಡಿಸಿದಳು.